ಮಂದದೃಷ್ಟಿಯವರ ಓದಿನ ಅಳತೆ: ಚಿಕ್ಕೋಡಿ–ಅಥಣಿ ಗಡಿಭಾಗ

ಚಿಕಿತ್ಸೆ, ಕನ್ನಡಕಗಳ ನಂತರವೂ ಉಳಿಯುವ ದೃಷ್ಟಿಕೊರತೆಯೇ ಮಂದದೃಷ್ಟಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, ಎರಡರಲ್ಲಿ ಉತ್ತಮವಾದ ಕಣ್ಣಿನ ತೀಕ್ಷ್ಣತೆ 6/18ಕ್ಕಿಂತ ಕಡಿಮೆಯಾಗಿ 3/60ರವರೆಗೆ, ಅಥವಾ ದೃಷ್ಟಿಕ್ಷೇತ್ರ 40 ಡಿಗ್ರಿಗಿಂತ ಕಿರಿದಾಗಿ 10ರವರೆಗೆ ಇರಬೇಕು.

ಗೋಡೆಯ ಫಲಕದ ಅಕ್ಷರ ಗುರುತಿಸಿದವರೆಲ್ಲ ಪತ್ರಿಕೆ ಓದಬಲ್ಲರೆಂದಲ್ಲ. ಆದ್ದರಿಂದ ಓದನ್ನೇ ಅಳೆಯಬೇಕು. ಅಕ್ಷರಗಾತ್ರ ಹಂತಹಂತವಾಗಿ ಕಿರಿದಾಗುವ ವಾಕ್ಯಗಳನ್ನು ಗೊತ್ತುಮಾಡಿದ ದೂರದಿಂದ ಗಟ್ಟಿಯಾಗಿ ಓದಿಸಿ, ಸಮಯವನ್ನೂ ತಪ್ಪುಗಳನ್ನೂ ಬರೆದುಕೊಳ್ಳುತ್ತಾರೆ. ವೇಗ ಕುಸಿಯದೆ ಓದಬಲ್ಲ ಅತಿ ಚಿಕ್ಕ ಅಕ್ಷರಗಾತ್ರ ಎಷ್ಟೆಂದು ತಿಳಿದರೆ ಭೂತಗನ್ನಡಿಯ ಶಕ್ತಿ ನಿರ್ಧರಿಸಬಹುದು.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಕನ್ನಡ, ಮರಾಠಿ ಎರಡೂ ಬಳಕೆಯಲ್ಲಿವೆ. ಶಾಲೆಯಲ್ಲಿ ಕಲಿತ ಲಿಪಿಯಲ್ಲೇ ಓದಿಸದಿದ್ದರೆ ಲಿಪಿಯ ಅಪರಿಚಯವೇ ಕಣ್ಣಿನ ದೋಷವೆಂದು ದಾಖಲಾಗುತ್ತದೆ, ಇದು ಅನ್ಯಾಯ. ಕನ್ನಡದಲ್ಲಿ ದ–ಧ ಬೇರೆಯಾಗುವುದು ಬುಡದ ಸಣ್ಣ ಸೀಳಿನಿಂದ. ಒತ್ತಕ್ಷರವೂ ಸಾಲಿನ ಕೆಳಗೆ ಕಿರಿದಾಗಿ ಕೂರುತ್ತದೆ. ಇಂಗ್ಲಿಷ್ ಫಲಕದ ಗಾತ್ರವನ್ನು ಇಲ್ಲಿಗೆ ಹಾಗೇ ಅನ್ವಯಿಸುವುದು ಸಲ್ಲದು.

ಓದು ಬಾರದವರಿಗೆ, ಮೂರು ಹಲ್ಲಿನ ಚಿಹ್ನೆ ಯಾವ ಕಡೆ ತಿರುಗಿದೆಯೆಂದು ಕೈಯಲ್ಲಿ ತೋರಿಸುವ ಫಲಕವಿದೆ. ನಿಪ್ಪಾಣಿಯ ಬೀಡಿ ಕಟ್ಟುವವರನ್ನೂ ಅಥಣಿಯ ಚಪ್ಪಲಿ ಕುಶಲಕರ್ಮಿಗಳನ್ನೂ ಅವರ ಕೈಗೆಲಸದ ದೂರದಲ್ಲೇ ಪರೀಕ್ಷಿಸುವುದು ಮೇಲು. ತೊಗಲಿನ ಮೇಲೆ ತೊಗಲಿನದೇ ಹೊಲಿಗೆ ಬೀಳುವಲ್ಲಿ ಬಣ್ಣದ ವ್ಯತ್ಯಾಸ ತೀರ ಕಡಿಮೆ. ಆಗ ಹಿಗ್ಗಿಸುವ ಗಾಜಿಗಿಂತ ಪಕ್ಕದಿಂದ ಬೀಳುವ ಬೆಳಕು ಹೆಚ್ಚು ನೆರವಾಗಬಹುದು.