ಲೇವಾದೇವಿ ಪರವಾನಗಿ ಮತ್ತು ಅಡಮಾನ ಸಾಲ: ಗೌರಸಮುದ್ರ ಭಾಗದ ಸಾರ್ವಜನಿಕರಿಗೆ ಮಾಹಿತಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಸೇರಿವೆ. ಮಾರಮ್ಮನ ಜಾತ್ರೆಯಿಂದ ಹೆಸರಾದ ಗೌರಸಮುದ್ರವೂ ಸೇರಿದಂತೆ ಈ ಭಾಗದ ಗ್ರಾಮಗಳಲ್ಲಿ ಮಳೆಯಾಶ್ರಿತ ಶೇಂಗಾ ಪ್ರಮುಖ ಬೆಳೆಯಾಗಿದೆ. ಬಿತ್ತನೆಯ ಕಾಲಕ್ಕೆ ಬೀಜ, ಗೊಬ್ಬರಗಳಿಗಾಗಿ ಮಾಡಿದ ಸಾಲವನ್ನು ಮಳೆ ಕೈಕೊಟ್ಟ ವರ್ಷ ತೀರಿಸಲಾಗದೆ, ಜಮೀನಿನ ಅಥವಾ ಮನೆಯ ಪತ್ರಗಳನ್ನು ಖಾಸಗಿ ಸಾಲಗಾರರಿಗೆ ಒಪ್ಪಿಸುವ ಸಂದರ್ಭಗಳು ಒದಗುತ್ತವೆ. ಇಂತಹ ಸಾಲವನ್ನು ಯಾರು ನೀಡಬಹುದು, ಯಾವ ಬಡ್ಡಿಗೆ ನೀಡಬಹುದು ಮತ್ತು ಆಸ್ತಿಯ ಬಗ್ಗೆ ಯಾವ ಪತ್ರ ಬರೆಸಿಕೊಳ್ಳಬಹುದು ಎಂಬ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಪರವಾನಗಿಯ ಅಗತ್ಯ

ಕರ್ನಾಟಕ ಲೇವಾದೇವಿದಾರರ ಅಧಿನಿಯಮ, 1961ರ ಪ್ರಕರಣ 5ರ ಮೇರೆಗೆ, ಪರವಾನಗಿ ಪಡೆಯದೆ ಯಾವೊಬ್ಬ ವ್ಯಕ್ತಿಯೂ ಲೇವಾದೇವಿ ವ್ಯವಹಾರ ನಡೆಸತಕ್ಕದ್ದಲ್ಲ. ಪರವಾನಗಿಯು ನಿರ್ದಿಷ್ಟ ಪ್ರದೇಶಕ್ಕೆ ಮಾತ್ರ ಅನ್ವಯಿಸುತ್ತದೆ. ಆದುದರಿಂದ ಗಡಿಯಾಚೆ ಆಂಧ್ರಪ್ರದೇಶದಲ್ಲಿ ಪಡೆದ ಪರವಾನಗಿಯನ್ನು ತೋರಿಸಿ ಗೌರಸಮುದ್ರದಲ್ಲಿ ಸಾಲದ ವ್ಯವಹಾರ ನಡೆಸಲು ಅವಕಾಶವಿರುವುದಿಲ್ಲ. ಒಡವೆ ಮುಂತಾದ ಚರ ವಸ್ತುಗಳನ್ನು ಒತ್ತೆಯಿಟ್ಟುಕೊಂಡು ಸಾಲ ನೀಡುವ ಗಿರವಿ ಅಂಗಡಿಗಳಿಗೆ ಕರ್ನಾಟಕ ಗಿರವಿದಾರರ ಅಧಿನಿಯಮ, 1961ರನ್ವಯ ಪ್ರತ್ಯೇಕ ಪರವಾನಗಿ ಬೇಕು. ಎರಡೂ ಅಧಿನಿಯಮಗಳ ಅನುಷ್ಠಾನವು ಸಹಕಾರ ಇಲಾಖೆಯ ಅಧಿಕಾರಿಗಳಿಗೆ ಸೇರಿದೆ. ನೆಂಟರಿಷ್ಟರಿಗೆ ಒಮ್ಮೆ ಕೊಟ್ಟ ಕೈಸಾಲವು ವ್ಯವಹಾರವೆನಿಸುವುದಿಲ್ಲ.

ಪರವಾನಗಿ ಇಲ್ಲದಿರುವುದರ ಪರಿಣಾಮ ಸಾಲ ನೀಡಿದವರಿಗೇ ಹೆಚ್ಚು. ಸಾಲ ನೀಡಿದ ಸಮಯದಲ್ಲಿ ಪರವಾನಗಿ ಹೊಂದಿರದ ಲೇವಾದೇವಿದಾರರು ಹೂಡಿದ ದಾವೆಯಲ್ಲಿ ನ್ಯಾಯಾಲಯವು ಅವರ ಪರವಾಗಿ ಡಿಕ್ರಿ ನೀಡುವಂತಿಲ್ಲ. ಪರವಾನಗಿ ಉಳ್ಳವರು ಲೆಕ್ಕಪತ್ರಗಳನ್ನು ಇಡತಕ್ಕದ್ದು ಮತ್ತು ಮರುಪಾವತಿಯಾದ ಹಣಕ್ಕೆ ರಸೀದಿ ನೀಡತಕ್ಕದ್ದು.

ಬಡ್ಡಿ

ಇದೇ ಅಧಿನಿಯಮದ ಪ್ರಕರಣ 28ರಡಿ ಸರ್ಕಾರವು ಆಧಾರವುಳ್ಳ ಸಾಲಕ್ಕೆ ವಾರ್ಷಿಕ ಶೇ. 14, ಆಧಾರವಿಲ್ಲದ ಸಾಲಕ್ಕೆ ಶೇ. 16ರ ಮಿತಿಯನ್ನು ಗೊತ್ತುಪಡಿಸಿದೆ. ಹಳ್ಳಿಗಳಲ್ಲಿ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಇಷ್ಟು ರೂಪಾಯಿ ಎಂದು ಹೇಳುವುದು ರೂಢಿಯಾಗಿರುವುದರಿಂದ ವಾರ್ಷಿಕ ಹೊರೆ ಮೇಲ್ನೋಟಕ್ಕೆ ಕಾಣುವುದಿಲ್ಲ. ನೂರಕ್ಕೆ ಮೂರು ರೂಪಾಯಿಯೆಂದರೆ ವರ್ಷಕ್ಕೆ ಶೇ. 36. ರೂ. 50,000 ಸಾಲಕ್ಕೆ ಜಮೀನು ಆಧಾರವಾಗಿದ್ದಲ್ಲಿ ವರ್ಷಕ್ಕೆ ಪಡೆಯಬಹುದಾದ ಬಡ್ಡಿ ರೂ. 7,000, ಮೂರು ರೂಪಾಯಿ ಬಡ್ಡಿಯಲ್ಲಿ ಅದು ರೂ. 18,000 ಆಗುತ್ತದೆ. ಮಿತಿ ಮೀರಿದ ಬಡ್ಡಿ, ಮೀಟರ್ ಬಡ್ಡಿ ಮುಂತಾದವುಗಳನ್ನು 2004ರ ಅತಿಯಾದ ಬಡ್ಡಿ ನಿಷೇಧ ಅಧಿನಿಯಮವು ಅಪರಾಧವೆಂದು ಸಾರಿದ್ದು, ಮೂರು ವರ್ಷಗಳವರೆಗಿನ ಕಾರಾವಾಸಕ್ಕೆ ಅವಕಾಶ ಕಲ್ಪಿಸಿದೆ.

ಅಡಮಾನವೋ, ಕ್ರಯವೋ

ಸಾಲಕ್ಕೆ ಆಸ್ತಿಯನ್ನು ಆಧಾರವಾಗಿಡುವಾಗ ಬರೆಯಬೇಕಾದದ್ದು ಅಡಮಾನ ಪತ್ರ. ಆದರೆ ಅಡಮಾನದ ಬದಲು ಶುದ್ಧ ಕ್ರಯಪತ್ರವನ್ನೇ ನೋಂದಾಯಿಸಿಕೊಂಡು, "ಹಣ ಕೊಟ್ಟ ದಿನ ಜಮೀನು ತಿರುಗಿ ಬರೆದುಕೊಡುತ್ತೇನೆ" ಎಂದು ಬಾಯಿಮಾತಿನ ಭರವಸೆ ನೀಡುವ ಪದ್ಧತಿಯೂ ಉಂಟು. ಸಾಲಗಾರರ ಪಾಲಿಗೆ ಇದಕ್ಕಿಂತ ಹಾನಿಕರವಾದ ಪತ್ರ ಬೇರೊಂದಿಲ್ಲ.

ಸ್ವತ್ತು ವರ್ಗಾವಣೆ ಅಧಿನಿಯಮ, 1882ರ ಪ್ರಕರಣ 58ಕ್ಕೆ 1929ರಲ್ಲಿ ಸೇರಿಸಲಾದ ಪರಂತುಕದಂತೆ, ಹಣ ಮರಳಿಸಿದಾಗ ಸ್ವತ್ತನ್ನು ಹಿಂದಿರುಗಿಸಬೇಕೆಂಬ ಷರತ್ತು ಕ್ರಯಪತ್ರದಲ್ಲಿಯೇ ಬರೆಯಲ್ಪಟ್ಟಿರದಿದ್ದರೆ ಆ ವ್ಯವಹಾರವನ್ನು ಅಡಮಾನವೆಂದು ಪರಿಗಣಿಸುವಂತಿಲ್ಲ. ಬೇರೆ ಕಾಗದದಲ್ಲಿ ಬರೆದ ಕರಾರಿನಿಂದಲೂ ಆ ಪತ್ರ ಅಡಮಾನವಾಗಿ ಬದಲಾಗುವುದಿಲ್ಲ. ಪತ್ರವು ಅಡಮಾನವಾಗಿದ್ದರೆ ಸ್ಥಿತಿಯೇ ಬೇರೆ. ಪ್ರಕರಣ 60ರಡಿ ಸಾಲ ತೀರಿಸಿ ಸ್ವತ್ತನ್ನು ಬಿಡಿಸಿಕೊಳ್ಳುವ ಹಕ್ಕು ಮಾಲೀಕರಿಗೆ ಇರುತ್ತದೆ. ಅದನ್ನು ಕಿತ್ತುಕೊಳ್ಳುವ ಷರತ್ತನ್ನು ಅಡಮಾನ ಪತ್ರದಲ್ಲಿ ಬರೆಸಿಕೊಂಡರೂ ಊರ್ಜಿತವಾಗದು. ಬಿಡಿಸಿಕೊಳ್ಳುವ ದಾವೆಗೆ ಕಾಲಪರಿಮಿತಿ ಅಧಿನಿಯಮ, 1963ರಲ್ಲಿ 30 ವರ್ಷಗಳ ಅವಧಿಯಿದೆ. ಫಸಲನ್ನು ಬಡ್ಡಿಗೆ ವಜಾ ಮಾಡಿಕೊಳ್ಳುವ ಭೋಗ್ಯದ ಅಡಮಾನದಲ್ಲಿಯೂ ಜಮೀನಿನ ಒಡೆತನ ಸಾಲ ಪಡೆದವರಲ್ಲಿಯೇ ಉಳಿಯುತ್ತದೆ.

ಆದಕಾರಣ ಉಪನೋಂದಣಾಧಿಕಾರಿಯವರ ಮುಂದೆ ರುಜು ಮಾಡುವ ಮುನ್ನ ಪತ್ರದ ಶೀರ್ಷಿಕೆಯನ್ನು ಓದಿಸಿ ಕೇಳುವುದು ಅವಶ್ಯ. ಓದುಬರಹ ಬಾರದವರು ಪತ್ರ ಬರೆದವರನ್ನಲ್ಲದೆ ಮತ್ತೊಬ್ಬರಿಂದ ಓದಿಸುವುದು ಉತ್ತಮ. ಸಾಲ ತೀರಿದ ಬಳಿಕ ಋಣಭಾರ ಪ್ರಮಾಣಪತ್ರವನ್ನೂ ಪಹಣಿಯ ಋಣಗಳ ಕಲಂ ಅನ್ನೂ ಪರಿಶೀಲಿಸಬೇಕು. ಹಣ ಕಟ್ಟಿದ ಮಾತ್ರಕ್ಕೆ ದಾಖಲೆಯಲ್ಲಿನ ಋಣ ತಾನಾಗಿ ಅಳಿಯುವುದಿಲ್ಲ.

ಮ್ಯಾಸನಾಯಕ ಸಮುದಾಯ ಹೆಚ್ಚಾಗಿರುವ ಈ ಭಾಗದಲ್ಲಿ ಇನ್ನೊಂದು ಅಂಶ ಮುಖ್ಯವಾಗುತ್ತದೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನುಗಳ ಪರಭಾರೆಯನ್ನು 1978ರ ಅಧಿನಿಯಮವು ನಿರ್ಬಂಧಿಸಿದ್ದು, ಅದರಲ್ಲಿ ಪರಭಾರೆಯೆಂದರೆ ಮಾರಾಟ ಮಾತ್ರವಲ್ಲದೆ ಅಡಮಾನವೂ ಸೇರುತ್ತದೆ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಖಾಸಗಿಯವರಿಗೆ ಅಂತಹ ಜಮೀನನ್ನು ಅಡವಿಟ್ಟಿದ್ದಲ್ಲಿ ಮರಳಿ ಪಡೆಯಲು ಉಪವಿಭಾಗಾಧಿಕಾರಿಯವರಿಗೆ ಅರ್ಜಿ ಸಲ್ಲಿಸಬಹುದು. 2023ರ ತಿದ್ದುಪಡಿಯು ಇದಕ್ಕೆ ಕಾಲಮಿತಿ ಇಲ್ಲವೆಂದು ಸ್ಪಷ್ಟಪಡಿಸಿದೆ.

ಬ್ಯಾಂಕು, ಹಣಕಾಸು ಕಂಪನಿ ಮತ್ತು ಏಜೆಂಟರು

ಬ್ಯಾಂಕುಗಳು ಲೇವಾದೇವಿ ಪರವಾನಗಿ ಪಡೆಯಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕೇತರ ಹಣಕಾಸು ಕಂಪನಿಗಳಿಗೂ ರಾಜ್ಯಗಳ ಲೇವಾದೇವಿ ಕಾಯಿದೆಗಳು ಅನ್ವಯಿಸವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಮೇ ತಿಂಗಳಲ್ಲಿ ತೀರ್ಪು ನೀಡಿದೆ. ಗೃಹಸಾಲ ಕಂಪನಿಗಳ ನಿಯಂತ್ರಣ 2019ರಿಂದ ರಿಸರ್ವ್ ಬ್ಯಾಂಕಿಗೆ ಸೇರಿದೆ. ಅಮೆರಿಕದಲ್ಲಿ 2008ರ ಕಾಯಿದೆಯಂತೆ ಗೃಹಸಾಲ ಕುದುರಿಸಿಕೊಡುವ ಪ್ರತಿಯೊಬ್ಬ ವ್ಯಕ್ತಿಯೂ ಪರವಾನಗಿ ಅಥವಾ ನೋಂದಣಿ ಹೊಂದಿರಬೇಕು. ಇಲ್ಲಿ ಮನೆಬಾಗಿಲಿಗೆ ಬರುವ ಏಜೆಂಟರಿಗೆ ಅಂತಹ ವೈಯಕ್ತಿಕ ಪರವಾನಗಿ ಇಲ್ಲ. ಅವರ ನಡತೆಗೆ ಅವರನ್ನು ನೇಮಿಸಿದ ಸಂಸ್ಥೆಯೇ ಹೊಣೆ. ಹೀಗಾಗಿ ಏಜೆಂಟರ ಹೆಸರಿಗಿಂತ ಸಂಸ್ಥೆಯ ಹೆಸರು ತಿಳಿದಿರುವುದು ಮುಖ್ಯ.

2024ರ ಅಕ್ಟೋಬರ್ 1ರಿಂದ ಬ್ಯಾಂಕು ಹಾಗೂ ಹಣಕಾಸು ಕಂಪನಿಗಳು ವೈಯಕ್ತಿಕ ಅವಧಿ ಸಾಲಗಳಿಗೆ ಬಡ್ಡಿ, ಶುಲ್ಕ ಸೇರಿದ ಒಟ್ಟು ವೆಚ್ಚವನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು, ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿ ನೀಡಬೇಕಾಗಿದೆ. ಸಾಲ ಪೂರ್ಣ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕೆಂದೂ, ಸಂಸ್ಥೆಯ ತಪ್ಪಿನಿಂದ ವಿಳಂಬವಾದಲ್ಲಿ ದಿನಕ್ಕೆ ರೂ. 5,000ದಂತೆ ಪರಿಹಾರ ಕೊಡಬೇಕೆಂದೂ ರಿಸರ್ವ್ ಬ್ಯಾಂಕು 2023ರಲ್ಲಿ ನಿರ್ದೇಶಿಸಿದೆ.

ದೂರು

ಪರವಾನಗಿಯಿಲ್ಲದ ಅಥವಾ ಹೆಚ್ಚು ಬಡ್ಡಿ ಪಡೆಯುವ ಲೇವಾದೇವಿದಾರರ ವಿರುದ್ಧ ಚಿತ್ರದುರ್ಗದ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ ಲಿಖಿತ ದೂರು ಸಲ್ಲಿಸಬಹುದು. ಬೆದರಿಕೆ, ಹಲ್ಲೆ, ಮನೆಗೆ ಬೀಗ ಹಾಕುವುದು ಮುಂತಾದ ಬಲವಂತದ ಕ್ರಮಗಳಾದಲ್ಲಿ ನೇರವಾಗಿ ಪೊಲೀಸ್ ಠಾಣೆಗೆ ದೂರು ನೀಡಬೇಕು. 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂದು ಬಳಿಕ ಅಧಿನಿಯಮವಾದ ಕಿರು ಸಾಲ ಮತ್ತು ಸಣ್ಣ ಸಾಲ ಬಲವಂತದ ಕ್ರಮಗಳ ಪ್ರತಿಬಂಧಕ ಕಾನೂನು ಇಂತಹ ಕೃತ್ಯಗಳಿಗೆ 10 ವರ್ಷಗಳವರೆಗಿನ ಕಾರಾವಾಸ ಹಾಗೂ ರೂ. 5 ಲಕ್ಷದವರೆಗಿನ ದಂಡವನ್ನು ವಿಧಿಸಿದೆ. ನೋಂದಣಿಯೂ ಪರವಾನಗಿಯೂ ಇಲ್ಲದ ಸಂಸ್ಥೆಗಳಿಂದ ದುರ್ಬಲ ವರ್ಗದವರು ಪಡೆದ ಸಾಲ, ಬಡ್ಡಿ ಸಹಿತ, ತೀರಿದೆಯೆಂದೇ ಅದರಲ್ಲಿ ಭಾವಿಸಲಾಗಿದೆ. ಬ್ಯಾಂಕು ಅಥವಾ ಹಣಕಾಸು ಕಂಪನಿಯ ವಿರುದ್ಧದ ದೂರನ್ನು ಮೊದಲು ಆ ಸಂಸ್ಥೆಗೇ ನೀಡಿ, 30 ದಿನಗಳಲ್ಲಿ ಉತ್ತರ ಬಾರದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಸಲ್ಲಿಸಬಹುದಾಗಿದೆ. ದೂರಿನೊಂದಿಗೆ ಪತ್ರದ ಪ್ರತಿ, ರಸೀದಿಗಳು ಮತ್ತು ಹಣ ಪಾವತಿಸಿದ ದಿನಾಂಕಗಳ ಪಟ್ಟಿಯನ್ನು ಲಗತ್ತಿಸತಕ್ಕದ್ದು.