ಸೆಕೆಂಡ್ ಹ್ಯಾಂಡ್ ಬೆಂಜ್, ಬಿಎಂಡಬ್ಲ್ಯು ಕೊಳ್ಳೋ ಯೋಚನೆ ಇದೆಯಾ? ಅಡ್ವಾನ್ಸ್ ಕೊಡುವ ಮುನ್ನ ಇದನ್ನು ಓದಿ

ಹೊಸದಿದ್ದಾಗ 50–60 ಲಕ್ಷ ರೂಪಾಯಿ ಬಾಳುತ್ತಿದ್ದ ಐಷಾರಾಮಿ ಕಾರು ಎಂಟು-ಹತ್ತು ವರ್ಷ ಓಡಿದ ಮೇಲೆ ಹೊಸ ಕ್ರೆಟಾ ದರಕ್ಕೇ ಸಿಗುವುದುಂಟು. "ಅಷ್ಟೇ ದುಡ್ಡಿಗೆ ಬೆಂಜ್ ಬರುತ್ತಲ್ಲ" ಅನ್ನಿಸೋದು ಸಹಜ. ಆದರೆ ದರ ಇಳಿದಿರುವುದು ಕಾರಿಗೆ ಮಾತ್ರ, ಅದರ ಬಿಡಿಭಾಗಗಳಿಗಲ್ಲ.

ದೆಹಲಿ ಕಾರು ಯಾಕೆ ಅಗ್ಗ?

ದೆಹಲಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ಮತ್ತು 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಓಡಾಟಕ್ಕೆ ಹಸಿರು ನ್ಯಾಯಮಂಡಳಿ 2015ರಲ್ಲಿ ತಡೆ ಹಾಕಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಆಮೇಲೆ ಅಲ್ಲಿನ ಹಳೇ ಡೀಸೆಲ್ ಕಾರುಗಳು ಕಡಿಮೆ ದರಕ್ಕೆ ಬೇರೆ ರಾಜ್ಯಗಳತ್ತ ಬರತೊಡಗಿದವು.

ಇಲ್ಲೇ ಲೆಕ್ಕ ತಪ್ಪೋದು. ಹೊರರಾಜ್ಯದ ವಾಹನ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇದ್ದರೆ ಇಲ್ಲಿನ ನಂಬರಿಗೆ ಬದಲಾಗಬೇಕು, ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ಈ ತೆರಿಗೆ ನೀವು ಕೊಟ್ಟ ದರದ ಮೇಲಲ್ಲ, ಕಾರಿನ ಮೂಲ ಬೆಲೆಯ ಮೇಲೆ. ವಯಸ್ಸಿಗೆ ತಕ್ಕಂತೆ ಕಡಿತ ಸಿಗುತ್ತದೆ, ಆದರೂ ಮೊತ್ತ ಲಕ್ಷಗಳಲ್ಲೇ ಇರುತ್ತದೆ. ಆದ್ದರಿಂದ ಮೊದಲು ಆರ್‌ಟಿಒ ಕಚೇರಿಯಲ್ಲಿ ತೆರಿಗೆ ಎಷ್ಟಾಗುತ್ತೆ ಎಂದು ಕೇಳಿ, ಆಮೇಲೆ ಚೌಕಾಸಿಗೆ ಕೂರಿ.

ಕಾರಿನಲ್ಲಿ ಏನು ನೋಡಬೇಕು?

* ಕಂಪನಿ ಸರ್ವಿಸ್ ದಾಖಲೆ. ಮೀಟರ್ ತಿರುಗಿಸಿದ್ದರೆ ಇಲ್ಲೇ ಗೊತ್ತಾಗುತ್ತದೆ.
* ಸ್ಕ್ಯಾನರ್ ಹಾಕಿಸಿ. ವಾರ್ನಿಂಗ್ ಲೈಟ್ ಆರಿಸಿದ್ದರೂ ದೋಷದ ಕೋಡ್ ಉಳಿದಿರಬಹುದು.
* ಏರ್ ಸಸ್ಪೆನ್ಷನ್ ಇರುವ ಮಾಡೆಲ್ ಆದರೆ ರಾತ್ರಿಯಿಡೀ ನಿಲ್ಲಿಸಿ ಬೆಳಗ್ಗೆ ನೋಡಿ. ಒಂದು ಮೂಲೆ ಕುಸಿದಿದ್ದರೆ ಗಾಳಿ ಸೋರುತ್ತಿದೆ ಎಂದರ್ಥ.
* ಗೇರ್ ಬದಲಾಗುವಾಗ ಜಗ್ಗಿದರೆ ದುಬಾರಿ ರಿಪೇರಿ ಕಾದಿದೆ.
* ಬಿಎಂಡಬ್ಲ್ಯುನ ಅನೇಕ ಮಾಡೆಲ್‌ಗಳಲ್ಲಿ ರನ್-ಫ್ಲ್ಯಾಟ್ ಟೈರು ಇರುತ್ತದೆ, ಸ್ಟೆಪ್ನಿ ಇರಲ್ಲ. ಈ ಟೈರಿನ ದರವೂ ಜಾಸ್ತಿ.

ಕಂಪನಿ ಸರ್ವಿಸ್ ಸೆಂಟರ್ ಇರೋದು ದೊಡ್ಡ ನಗರಗಳಲ್ಲಿ. ತಾಲ್ಲೂಕಿನ ಗ್ಯಾರೇಜಲ್ಲಿ ಆಗದ ಕೆಲಸ ಬಂದರೆ ಕಾರನ್ನು ಟೋಯಿಂಗ್ ಲಾರಿ ಮೇಲೆ ಕಳಿಸಬೇಕಾಗುತ್ತದೆ. ಹಂಪ್, ಗುಂಡಿ ಇರುವ ಹಳ್ಳಿ ರಸ್ತೆಯಲ್ಲಿ ತಗ್ಗಿನ ಸೆಡಾನ್‌ನ ತಳ ತಾಗುತ್ತದೆ ಅನ್ನೋದೂ ನೆನಪಿರಲಿ.

ಕಾಗದಪತ್ರ

ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ಮಾಲೀಕತ್ವ ಬದಲಾವಣೆಗೆ ಫಾರಂ 29 ಮತ್ತು 30, ಹೊರರಾಜ್ಯದ ಕಾರಾದರೆ ಫಾರಂ 28ರ ಎನ್‌ಒಸಿ ಕೂಡ. ಬಾಕಿ ದಂಡ ಇದೆಯೇ ಎಂದು ಪರಿವಾಹನ್ ಪೋರ್ಟಲ್‌ನಲ್ಲಿ ನೋಡಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ. ಮಾರುವವರಿಗೂ ಒಂದು ಮಾತು: ಆರ್‌ಸಿಯಲ್ಲಿ ಹೆಸರು ಇರುವವರೆಗೆ ಅಪಘಾತದ ಹೊಣೆ ನಿಮ್ಮದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಕೀಲಿ ಕೊಟ್ಟು ಸುಮ್ಮನಾಗಬೇಡಿ.

ಹಾಗಾದರೆ ಕೊಳ್ಳಬೇಕೋ ಬೇಡವೋ?

ಕರ್ನಾಟಕದ್ದೇ ನಂಬರು, ಒಬ್ಬರೇ ಮಾಲೀಕರು, ಪೂರ್ತಿ ಸರ್ವಿಸ್ ದಾಖಲೆ, ಜೊತೆಗೆ ಕಾರಿನ ಬೆಲೆಯ ಐದನೇ ಒಂದು ಭಾಗದಷ್ಟು ಹಣ ರಿಪೇರಿಗೆಂದೇ ಪಕ್ಕಕ್ಕೆ ಇಡುವ ಶಕ್ತಿ, ನಿತ್ಯದ ಓಡಾಟಕ್ಕೆ ಇನ್ನೊಂದು ಗಾಡಿ. ಇಷ್ಟೂ ಇದ್ದರೆ ಧೈರ್ಯ ಮಾಡಬಹುದು.

ಅಂಗಡಿಯ ಚಲಾವಣೆ ಬಂಡವಾಳ ತೆಗೆದು ಅಥವಾ ಸಾಲ ಮಾಡಿ ಕೊಳ್ಳುವುದಾದರೆ ಬೇಡ. ಹಬ್ಬದ ಸೀಸನ್‌ಗೆ ಸರಕು ತುಂಬಿಸುವ ಹೊತ್ತಿಗೆ ಗೇರ್‌ಬಾಕ್ಸ್ ಕೈಕೊಟ್ಟರೆ, ಕಾರೂ ನಿಲ್ಲುತ್ತದೆ, ಅಂಗಡಿಯೂ ಬಡವಾಗುತ್ತದೆ.