ರುಮಾಲೆ ಚೆನ್ನಬಸವಯ್ಯ: ನಗರದ ಮರಗಳ ಚಿತ್ರಕಾರ

ರುಮಾಲೆ ಚೆನ್ನಬಸವಯ್ಯ (1910–1988) ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ಚಿತ್ರಕಾರರು. ಸ್ವಾತಂತ್ರ್ಯ ಹೋರಾಟಗಾರರೂ ‘ತಾಯಿನಾಡು’ ಪತ್ರಿಕೆಯ ಸಂಪಾದಕರೂ ಆಗಿದ್ದರು. ಹೋರಾಟಕ್ಕಿಳಿದು ಬದಿಗಿಟ್ಟಿದ್ದ ಕುಂಚವನ್ನು 1960ರ ದಶಕದಲ್ಲಿ ಮತ್ತೆ ಹಿಡಿದು, ಬೆಂಗಳೂರಿನ ರಸ್ತೆ, ಉದ್ಯಾನಗಳಲ್ಲಿ ಹೂಬಿಟ್ಟು ನಿಂತ ಮರಗಳನ್ನು ಎಣ್ಣೆಬಣ್ಣ, ಜಲವರ್ಣಗಳಲ್ಲಿ ಬರೆದರು. ಅವರನ್ನು ಪ್ರಕೃತಿ ಚಿತ್ರಕಾರ ಎಂದು ಕರೆದು ಸುಮ್ಮನಾದರೆ ಅರ್ಧ ಹೇಳಿದಂತಾಯಿತು. ಅವರು ಬರೆದದ್ದು ನಗರವೊಂದು ಯೋಚಿಸಿ ನೆಟ್ಟುಕೊಂಡ ಪ್ರಕೃತಿಯನ್ನು. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂಡ, ತಬೂಬಿಯಗಳು ಅಮೆರಿಕ ಖಂಡದವು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್, ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸಿದರು. ರುಮಾಲೆಯವರ ಕೆಂಪು, ನೇರಳೆಗಳ ಹಿಂದೆ ಇಂಥ ನಗರಯೋಜನೆಯಿದೆ. ಆದ್ದರಿಂದ ಇವನ್ನು ನಗರಚಿತ್ರಗಳೆಂದೇ ಓದಬೇಕು.

ಕೊಳ್ಳೇಗಾಲ ದಾಟಿ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಕಾಡನ್ನೋ ಹನೂರಿನಾಚೆಯ ಮಲೆ ಮಹದೇಶ್ವರ ಬೆಟ್ಟದ ಕಾಡನ್ನೋ ಕಂಡವರು ಹೀಗೆ ನೆಟ್ಟ ಬೀದಿಬದಿಯ ಹೂಮರವನ್ನು ಪ್ರಕೃತಿಯೆಂದು ಒಪ್ಪಲಿಕ್ಕಿಲ್ಲ. ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರು ಪೂಜಿಸುವ ‘ದೊಡ್ಡ ಸಂಪಿಗೆ’ ಮರವನ್ನು ಯಾವ ಇಲಾಖೆಯೂ ನೆಟ್ಟಿದ್ದಲ್ಲ. ಆಕ್ಷೇಪ ಬಲವಾದದ್ದೇ. ಆದರೆ ಅದೇ ಕಾಡುಗಳಲ್ಲಿ ಇಂದು ದಟ್ಟವಾಗಿ ಹಬ್ಬಿರುವ ಲಾಂಟಾನ, ಅಂದಕ್ಕೆಂದು ತೋಟಗಳಿಗೆ ತಂದ ಅಮೆರಿಕ ಖಂಡದ ಗಿಡ. ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡಿ ಮಾರುವುದೂ ಉಂಟು. ತೋಟ, ಕಾಡುಗಳ ನಡುವಿನ ಬೇಲಿ ಅಲ್ಲೇ ಮುರಿದಿರುವಾಗ, ನೆಟ್ಟ ಮರವೆಂಬ ಒಂದೇ ಕಾರಣಕ್ಕೆ ನಗರದ್ದನ್ನು ಹುಸಿ ಎನ್ನಲಾಗದು. ನೆಟ್ಟವರು ಮನುಷ್ಯರಾದರೂ ಬೇರು ಬಿಟ್ಟು, ಚಿಗುರಿ, ಹೂಬಿಡುವ ಕೆಲಸ ಮರದ್ದೇ ತಾನೆ!

ಇನ್ನೊಂದು ಟೀಕೆಗೆ ಉತ್ತರಿಸುವುದು ಕಷ್ಟ. ರುಮಾಲೆಯವರ ಚಿತ್ರಗಳಲ್ಲಿ ಜನ, ವಾಹನ, ಕಟ್ಟಡಗಳಿಗೆ ಜಾಗ ಕಡಿಮೆ. ಕಾರ್ಖಾನೆಗಳು, ಬಡಾವಣೆಗಳು ಬೆಳೆಯುತ್ತಿದ್ದ ಕಾಲದಲ್ಲಿ ಚಿತ್ರಕಾರರು ಬರೀ ಚೆಲುವನ್ನು ಆಯ್ದುಕೊಂಡರು ಎಂಬುದು ಅದರ ಸಾರ. ಇದು ನಿಜ, ಕೊಳೆಗೇರಿಯ ಬೆಂಗಳೂರನ್ನು ರುಮಾಲೆ ತೋರಿಸುವುದಿಲ್ಲ. ಆದರೂ ಅವರ ಕಣ್ಣು ಬರೀ ಮೈಮರೆತದ್ದಲ್ಲ. ಕಲ್ಪನೆಯ ವನಕ್ಕೆ ಹೋಗದೆ, ಎದುರಿಗಿದ್ದ ಮರವನ್ನು ಅದರ ಜಾಗದಲ್ಲೇ ನೋಡಿ ಬರೆದರು. ದಪ್ಪಗೆ ಮೆತ್ತಿದ ಬಣ್ಣ ಮರಕ್ಕೆ ತೂಕ ಕೊಟ್ಟು, ಅದು ದೃಶ್ಯದ ಅಲಂಕಾರವಾಗದಂತೆ ತಡೆಯುತ್ತದೆ. ಮುಂದೆ ರಸ್ತೆ ಅಗಲೀಕರಣಕ್ಕೆ ಊರಿನ ಸಾಲುಮರಗಳು ಉರುಳುತ್ತ ಬಂದಾಗ, ಚೆಲುವಿಗಾಗಿ ಬರೆದ ಈ ಕೃತಿಗಳಿಗೆ ದಾಖಲೆಯ ಬೆಲೆಯೂ ಬಂತು. ಅವರ ಚಿತ್ರಗಳ ಸಂಗ್ರಹವನ್ನು ಬೆಂಗಳೂರಿನ ರಾಜಾಜಿನಗರದ ರುಮಾಲೆ ಆರ್ಟ್ ಹೌಸ್‌ನಲ್ಲಿ ನೋಡಬಹುದು.